ಮೈನೋವಿಗೆ ಮದ್ದಿನಾಚೆಯ ಉಪಾಯಗಳು

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು’ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾವ ವೈದ್ಯನನ್ನು ಕಂಡು ಕಟ್ಟಿದರೋ ತಿಳಿಯದು. ರೋಗದ ನೆಲೆ ಒಂದು ಕಡೆ, ಚಿಕಿತ್ಸೆಯ ನೆಲೆ ಇನ್ನೊಂದು ಕಡೆ ಆದರೆ ಎತ್ತಿಗೂ ಸುಖವಿಲ್ಲ, ಎಮ್ಮೆಗೂ ಸುಖವಿಲ್ಲ ಎಂಬುದಂತೂ ಎಲ್ಲ ಕಾಲಕ್ಕೂ ಸಲ್ಲುವ ಮಾತು. ಈ ಗಾದೆಗೆ ತಕ್ಕ ಉದಾಹರಣೆಯಾಗಬಲ್ಲ ಬೇನೆಯೊಂದಿದೆ. ಅದರ ಹೆಸರು ಫೈಬ್ರೊಮಯಾಲ್ಜಿಯ. ಆ ಬೇನೆ ಎಂಥದು, ಅದನ್ನು ತಗ್ಗಿಸಲು ಗುಳಿಗೆಯ ಹೊರತಾಗಿ ಯಾವ ಉಪಾಯಗಳಿವೆ, ಅವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಹೆಸರು ಬಾಯಿಗೆ ಸುಲಭವಾಗಿ ಬರುವಂಥದಲ್ಲ. ತಂತು, ಸ್ನಾಯು, ನೋವು ಎಂಬ ಅರ್ಥದ ಲ್ಯಾಟಿನ್ ಮತ್ತು ಗ್ರೀಕ್ ಮಾತುಗಳನ್ನು ಹೊಸೆದು ಅದನ್ನು ಮಾಡಿದ್ದಾರೆ. ಲಕ್ಷಣಗಳನ್ನು ಹೇಳಿದರೆ ಮಾತ್ರ ಎಲ್ಲರಿಗೂ ಪರಿಚಿತವೆನಿಸುತ್ತದೆ. ಕುತ್ತಿಗೆ, ಹೆಗಲು, ಬೆನ್ನು, ಸೊಂಟ, ತೊಡೆ ಎಂದು ಮೈಯ ಎಲ್ಲ ಕಡೆಯೂ ತಿಂಗಳುಗಟ್ಟಲೆ ಬಿಡದ ನೋವು. ರಾತ್ರಿಯೆಲ್ಲ ಮಲಗಿ ಎದ್ದರೂ ಮಲಗಿದಂತೆ ಅನ್ನಿಸದ ದಣಿವು. ಹೇಳಬೇಕೆಂದಿದ್ದ ಮಾತು ನಾಲಗೆಯ ತುದಿಯಲ್ಲೇ ನಿಂತುಬಿಡುವಂಥ ಮಂಕು. ಇಷ್ಟಾಗಿಯೂ ರಕ್ತಪರೀಕ್ಷೆ ಮಾಡಿದರೆ ದೋಷವಿಲ್ಲ. ಎಕ್ಸ್‌ರೇ ತೆಗೆದರೆ ಮೂಳೆ ನೆಟ್ಟಗಿದೆ. ನೂರು ಜನರಲ್ಲಿ ಇಬ್ಬರಿಂದ ನಾಲ್ವರಿಗೆ ಈ ಬೇನೆ ಇರಬಹುದೆಂದು ತಜ್ಞರ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಇದನ್ನು ಹೆಚ್ಚಾಗಿ ಗುರುತಿಸುತ್ತಾರೆ.

ಮನಶ್ಶಾಸ್ತ್ರವನ್ನು ಐಚ್ಛಿಕವಾಗಿ ಓದುತ್ತಿರುವ ಕಲಾವಿಭಾಗದ ವಿದ್ಯಾರ್ಥಿಗೆ ವೈದ್ಯರ ಕ್ಷೇತ್ರದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲೇ ಇರುವ ಚಿಕ್ಕಮ್ಮನವರಿಗೆ ಈ ಬೇನೆ ಇದೆ. ಅದಕ್ಕೊಂದು ಹೆಸರು ದೊರೆಯುವ ಮೊದಲು ಅವರಿಗೆ ದೊರೆತ ಬಿರುದುಗಳು ಹಲವು: ಕೆಲಸಗಳ್ಳಿ, ನಾಜೂಕಿನವಳು, ನೆಪ ಹುಡುಕುವವಳು. “ಕೈ ಮುರಿದಿದ್ದರೆ ಚೆನ್ನಾಗಿತ್ತು ಕಣೋ, ಕಟ್ಟಾದರೂ ಕಾಣುತ್ತಿತ್ತು” ಎಂದು ಒಮ್ಮೆ ಅವರು ನನ್ನೊಡನೆ ಹೇಳಿದ್ದುಂಟು. ಆ ಮಾತೇ ನನ್ನನ್ನು ಈ ವಿಷಯದ ಓದಿಗೆ ಹಚ್ಚಿತು.

ಈ ಬೇನೆಯ ಹೆಸರಿಗೂ ಒಂದು ಚರಿತ್ರೆಯಿದೆ. ೧೯೦೪ರಲ್ಲಿ ಲಂಡನ್ನಿನ ನರರೋಗತಜ್ಞ ವಿಲಿಯಂ ಗೋವರ್ಸ್ ಎಂಬಾತ ಇಂಥ ನೋವಿಗೆ ‘ಫೈಬ್ರೊಸೈಟಿಸ್’ ಎಂದು ಹೆಸರಿಟ್ಟ. ತಂತುಗಳಲ್ಲಿ ಉರಿಯೂತವಿದೆ ಎಂಬುದು ಅದರ ಅರ್ಥ. ಮುಂದೆ ಪರೀಕ್ಷಿಸಿ ನೋಡಿದವರಿಗೆ ಆ ಉರಿಯೂತ ಕಾಣಲೇ ಇಲ್ಲ. ಆದ್ದರಿಂದ ೧೯೭೬ರಲ್ಲಿ ಉರಿಯೂತದ ಸೊಲ್ಲೆತ್ತದ ‘ಫೈಬ್ರೊಮಯಾಲ್ಜಿಯ’ ಎಂಬ ಹೆಸರು ಬಂದಿತು. ೧೯೯೦ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯವರು ರೋಗನಿರ್ಣಯಕ್ಕೆ ಒಂದು ಕ್ರಮ ಹಾಕಿಕೊಟ್ಟರು: ಮೈಮೇಲಿನ ಗೊತ್ತಾದ ೧೮ ಸ್ಥಾನಗಳನ್ನು ಸುಮಾರು ೪ ಕಿಲೋಗ್ರಾಂ ಒತ್ತಡದಿಂದ ಅದುಮಿದಾಗ ೧೧ ಕಡೆಯಾದರೂ ನೋಯಬೇಕು; ಮೈನೋವು ಮೂರು ತಿಂಗಳಾದರೂ ಇದ್ದಿರಬೇಕು. ೨೦೧೦ರಲ್ಲಿ ಇದನ್ನೂ ಬದಲಿಸಿ, ಎಲ್ಲೆಲ್ಲಿ ನೋವಿದೆ, ನಿದ್ರೆ, ದಣಿವು, ನೆನಪು ಇವುಗಳ ಸ್ಥಿತಿ ಹೇಗಿದೆ ಎಂದು ರೋಗಿಯನ್ನೇ ಕೇಳಿ ತಿಳಿಯುವ ಕ್ರಮವನ್ನು ತಂದರು. ಬೆರಳಿನಿಂದ ಒತ್ತಿ ನೋಡುವುದರಿಂದ ಆರಂಭವಾದ ಪರೀಕ್ಷೆ, ರೋಗಿಯ ಮಾತನ್ನು ಕಿವಿಗೊಟ್ಟು ಕೇಳುವಲ್ಲಿಗೆ ಬಂದು ನಿಂತಿತು.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ಜಾತ್ರೆಯ ಧ್ವನಿವರ್ಧಕವನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಾಡುವವನು ಮೆಲ್ಲಗೇ ಹಾಡುತ್ತಿದ್ದಾನೆ. ಆದರೆ ಯಾರೋ ಯಂತ್ರದ ತಿರುಪನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿದ್ದಾರೆ. ಕೇಳುವವನ ಕಿವಿ ಗಡಚಿಕ್ಕುತ್ತದೆ. ಫೈಬ್ರೊಮಯಾಲ್ಜಿಯದಲ್ಲಿ ಮಿದುಳು ಮತ್ತು ಬೆನ್ನುಹುರಿ ನೋವಿನ ಸಂದೇಶವನ್ನು ಹೀಗೆಯೇ ಹಿಗ್ಗಿಸುತ್ತವೆ ಎಂಬುದು ಈಗ ಬಹುಮಂದಿ ತಜ್ಞರು ಒಪ್ಪಿರುವ ಅಭಿಪ್ರಾಯ. ಗಾಯದಿಂದ ಹೊರಟ ಸಂದೇಶ ಹೊರಟಂತೆಯೇ ಮಿದುಳನ್ನು ಮುಟ್ಟುವುದಿಲ್ಲ, ದಾರಿಯಲ್ಲಿ ಅದನ್ನು ತಗ್ಗಿಸುವ ಬಾಗಿಲೊಂದಿದೆ ಎಂಬ ವಾದವನ್ನು ಮೆಲ್ಜಾಕ್ ಮತ್ತು ವಾಲ್ ಎಂಬವರು ೧೯೬೫ರಲ್ಲೇ ಮುಂದಿಟ್ಟಿದ್ದರು. ೨೦೦೨ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಹೆಬ್ಬೆರಳಿನ ಉಗುರನ್ನು ಒತ್ತುತ್ತ, ಯಂತ್ರದ ಸಹಾಯದಿಂದ ಮಿದುಳಿನ ಚಟುವಟಿಕೆಯನ್ನು ನೋಡಿದರು. ಬೇನೆಯವರಿಗೆ ಮೃದುವಾಗಿ ಒತ್ತಿದಾಗ ಎಚ್ಚೆತ್ತ ಮಿದುಳಿನ ಭಾಗಗಳು, ಇತರರಿಗೆ ಹೆಚ್ಚುಕಡಮೆ ಇಮ್ಮಡಿ ಬಲದಿಂದ ಒತ್ತಿದಾಗಲೇ ಎಚ್ಚೆತ್ತವು. ಅಂದಮೇಲೆ ಈ ನೋವು ಬರಿಯ ಕಲ್ಪನೆ ಎನ್ನುವ ಮಾತಿಗೆ ಆಧಾರವಿಲ್ಲ. ಇಷ್ಟೇ ಅಲ್ಲ, ರೋಗಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳಲ್ಲೂ ನೋವಿನ ಸೂಕ್ಷ್ಮತೆ ಹೆಚ್ಚಿತೆಂದು ಇಂಗ್ಲೆಂಡಿನ ಸಂಶೋಧಕರು ೨೦೨೧ರಲ್ಲಿ ತೋರಿಸಿದ್ದಾರೆ. ಪೂರ್ಣ ಕಾರಣ ಇನ್ನೂ ಕೈಗೆ ಸಿಕ್ಕಿಲ್ಲವಾದರೂ ಹುಡುಕಾಟ ನಡೆದಿದೆ.

ಇಷ್ಟು ತಿಳಿದ ಮೇಲೆ, ಸ್ನಾಯುವಿನ ಉರಿಯೂತಕ್ಕೆಂದು ಕೊಡುವ ಸಾಮಾನ್ಯ ನೋವಿನ ಗುಳಿಗೆ ಇಲ್ಲಿ ಏಕೆ ನಾಟುವುದಿಲ್ಲ ಎಂಬುದು ತಾನಾಗಿ ಹೊಳೆಯುತ್ತದೆ. ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಎಂದರೆ ಇದೇ. ನರಮಂಡಲದ ಮೇಲೆ ಕೆಲಸ ಮಾಡುವ ಅಮಿಟ್ರಿಪ್ಟಿಲೀನ್, ಡ್ಯುಲೋಕ್ಸೆಟೀನ್, ಪ್ರಿಗ್ಯಾಬಲಿನ್ ಮೊದಲಾದ ಔಷಧಗಳನ್ನು ವೈದ್ಯರು ಕೊಡುತ್ತಾರೆ. ಅವುಗಳಿಂದ ಕೆಲವರಿಗೆ ಒಳ್ಳೆಯ ಗುಣ, ಹಲವರಿಗೆ ಅಲ್ಪಸ್ವಲ್ಪ ಗುಣ. ಆದಕಾರಣ ಮದ್ದಿನಾಚೆಯ ಉಪಾಯಗಳ ಕಡೆಗೆ ದೃಷ್ಟಿ ಹೊರಳಿದ್ದು ಸಹಜವೇ. ಧ್ವನಿವರ್ಧಕದ ತಿರುಪನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸುವ ಸಾಧನ ಯಾವುದು ಎಂಬುದೇ ಈಗ ಉಳಿಯುವ ಪ್ರಶ್ನೆ.

ಮೊದಲನೆಯದು ವ್ಯಾಯಾಮ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಜಾಲಿಸಿ ೨೦೧೬ರಲ್ಲಿ ಹೊರತಂದ ಸಲಹೆಗಳಲ್ಲಿ, ಸಂದೇಹವಿಲ್ಲದ ಬಲವಾದ ಶಿಫಾರಸು ದೊರೆತದ್ದು ವ್ಯಾಯಾಮ ಒಂದಕ್ಕೇ. ಮೈನೋವಿನಿಂದ ಏಳಲಾರದವರಿಗೆ ನಡೆಯಿರಿ ಎಂದು ಹೇಳುವುದು ಕ್ರೂರವಾಗಿ ಕಾಣಬಹುದು. ಆದರೆ ಇಲ್ಲಿ ವ್ಯಾಯಾಮವೆಂದರೆ ಗರಡಿಮನೆಯ ಸಾಮು ಅಲ್ಲ. ನಡಿಗೆಯೇ ಸಾಕು, ಅದೂ ಮೊದಲ ವಾರ ಐದು ನಿಮಿಷ, ಅದು ಒಗ್ಗಿದ ಮೇಲೆ ಏಳು, ಆಮೇಲೆ ಹತ್ತು. ಹನಿ ಹನಿ ಕೂಡಿದರೆ ಹಳ್ಳವೆಂಬುದೇ ಇಲ್ಲಿಯ ಸೂತ್ರ. ಈ ಬೇನೆಯವರಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ಮೈ ಹಗುರವಾದ ದಿನ ಬಾಕಿ ಬಿದ್ದ ಕೆಲಸವನ್ನೆಲ್ಲ ಒಂದೇ ಏಟಿಗೆ ಮುಗಿಸಲು ಹೋಗುತ್ತಾರೆ. ಮನೆಮಂದಿಯ ಬಟ್ಟೆ ಒಗೆದು, ಅಟ್ಟ ಗುಡಿಸಿ, ಹಿಟ್ಟು ಬೀಸಿಸಿಕೊಂಡು ಬರುತ್ತಾರೆ. ಮರುದಿನದಿಂದ ಮೂರು ದಿನ ಚಾಪೆ ಬಿಟ್ಟು ಏಳಲಾರರು. ಒಳ್ಳೆಯ ದಿನವೂ ಅಷ್ಟೇ, ಕೆಟ್ಟ ದಿನವೂ ಆದಷ್ಟು ಅಷ್ಟೇ ಎಂದು ಕೆಲಸವನ್ನು ಹಂಚಿಕೊಳ್ಳುವುದು ವ್ಯಾಯಾಮದಷ್ಟೇ ಮುಖ್ಯವಾದ ಶಿಸ್ತು. ನಮ್ಮ ಚಿಕ್ಕಮ್ಮ ಈಗ ದಿನವೂ ಬೆಳಗ್ಗೆ ಅರಳಿಕಟ್ಟೆಯವರೆಗೆ ನಡೆದು ಬರುತ್ತಾರೆ. ನೋವು ಹೋಗಿಲ್ಲ, ಆದರೆ ವಾರದಲ್ಲಿ ಮಲಗಿಯೇ ಕಳೆಯುವ ದಿನಗಳು ಕಡಿಮೆಯಾಗಿವೆ.

ಎರಡನೆಯದು, ಉಸಿರು ಮತ್ತು ಮನಸ್ಸುಗಳನ್ನು ಕೂಡಿಸಿಕೊಂಡ ನಿಧಾನಗತಿಯ ಚಲನೆ. ಚೀನಾದ ‘ತಾಯ್ ಚಿ’ ಈ ಬಗೆಯದು. ೨೦೧೦ರಲ್ಲಿ ಬಾಸ್ಟನ್ನಿನಲ್ಲಿ ೬೬ ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೆರಡು ಬಾರಿಯಂತೆ ೧೨ ವಾರ ತಾಯ್ ಚಿ, ಇನ್ನೊಂದಕ್ಕೆ ಆರೋಗ್ಯಪಾಠ ಮತ್ತು ಮೈ ಚಾಚುವ ಅಭ್ಯಾಸ ಕಲಿಸಿದರು. ಮೊದಲ ಗುಂಪಿನವರ ನೋವು, ನಿದ್ರೆ, ಉತ್ಸಾಹ ಮೂರೂ ಹೆಚ್ಚು ಸುಧಾರಿಸಿದವು. ೨೦೧೮ರಲ್ಲಿ ೨೨೬ ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ತಾಯ್ ಚಿ ಸಾಮಾನ್ಯ ವ್ಯಾಯಾಮಕ್ಕೆ ಸಮವಾಗಿ, ಕೆಲವು ಅಂಶಗಳಲ್ಲಿ ಅದಕ್ಕಿಂತ ಮೇಲಾಗಿ ನಿಂತಿತು.

ಯೋಗದ ಮಾತು ಬಂದಾಗ ಕನ್ನಡಿಗರಾದ ನಾವು ಸ್ವಲ್ಪ ಬೀಗಿದರೆ ತಪ್ಪಿಲ್ಲ. ೧೯೩೦ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಕಲಿತವರಲ್ಲಿ ಒಬ್ಬರು ೧೯೧೮ರಲ್ಲಿ ಬೆಳ್ಳೂರಿನಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು. ಬಾಲ್ಯದಲ್ಲಿ ರೋಗಗಳಿಂದ ಕೃಶವಾಗಿದ್ದ ಅವರು ಮುಂದೆ ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿಗಳ ಆಸರೆಯಿಂದ ದುರ್ಬಲರೂ ಆಸನ ಹಾಕುವಂತೆ ಮಾಡಿದರು. ಮೈ ಬಗ್ಗದವರಿಗೆ ಈ ಆಸರೆಗಳಿಂದ ಬಹಳ ಅನುಕೂಲ. ಪ್ರಕೃತ ಬೇನೆಯ ವಿಷಯದಲ್ಲಿ ೨೦೧೦ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ೫೩ ಮಂದಿ ಹೆಂಗಸರ ಮೇಲೆ ನಡೆದ ಪ್ರಯೋಗವೊಂದಿದೆ. ಎಂಟು ವಾರ ಮೃದುವಾದ ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಮಾಡಿದವರಲ್ಲಿ ನೋವು, ದಣಿವು ಎರಡೂ ತಗ್ಗಿದುವು. ಗುಂಪು ಚಿಕ್ಕದು, ಅವಧಿಯೂ ಚಿಕ್ಕದು ಎಂಬುದನ್ನು ಮರೆಯಬಾರದು. ತಲೆ ಕೆಳಗೆ ಮಾಡಿ ನಿಲ್ಲುವ ಸಾಹಸ ಇದಕ್ಕೆ ಬೇಕಾಗಿಲ್ಲ. ಅತಿಯಾದರೆ ಅಮೃತವೂ ವಿಷವೇ.

ಮೂರನೆಯದು ನಿದ್ರೆ. ಪರೀಕ್ಷೆಯ ದಿನಗಳಲ್ಲಿ ರಾತ್ರಿಯನ್ನು ಹಗಲು ಮಾಡುವ ನಮ್ಮ ವಿದ್ಯಾರ್ಥಿನಿಲಯದ ಮಿತ್ರರು ಇದನ್ನು ಗಮನಿಸಬೇಕು. ೧೯೭೫ರಲ್ಲಿ ಕೆನಡಾದ ಮಾಲ್ಡಾಫ್‌ಸ್ಕಿ ಮತ್ತು ಸಂಗಡಿಗರು, ಆರೋಗ್ಯವಂತರು ಗಾಢನಿದ್ರೆಗೆ ಇಳಿದಾಗಲೆಲ್ಲ ಸದ್ದುಮಾಡಿ ಅದನ್ನು ಕಲಕಿದರು. ಕೆಲವೇ ರಾತ್ರಿಗಳಲ್ಲಿ ಆ ಆರೋಗ್ಯವಂತರಿಗೂ ಮೈಕೈ ನೋವು ಶುರುವಾಯಿತು. ನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ನೋವು ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರಲು ನಿತ್ಯ ಒಂದೇ ಹೊತ್ತಿಗೆ ಮಲಗುವುದು, ಸಂಜೆಯ ಮೇಲೆ ಕಾಫಿ ಬಿಡುವುದು, ಮಲಗುವ ಕೋಣೆಗೆ ಮೊಬೈಲ್ ಒಯ್ಯದಿರುವುದು ಮುಂತಾದ ಸರಳ ನಿಯಮಗಳೇ ಮೊದಲ ಮೆಟ್ಟಿಲು.

ನಾಲ್ಕನೆಯದು ಮನಸ್ಸಿನ ತರಬೇತಿ. ನೋವನ್ನು ಕುರಿತ ಭಯವನ್ನು ಸಡಿಲಿಸುವ ಮಾತಿನ ಚಿಕಿತ್ಸೆ ಹಾಗೂ ಸಾವಧಾನದ ಧ್ಯಾನ ಇವೆರಡರಿಂದ ಮಿತವಾದ ಪ್ರಯೋಜನ ಕಂಡುಬಂದಿದೆ. ಮನಸ್ಸಿಗೆ ಚಿಕಿತ್ಸೆ ಎಂದೊಡನೆ ‘ಹಾಗಾದರೆ ನೋವು ಸುಳ್ಳು’ ಎಂದು ತೀರ್ಮಾನಿಸುವವರುಂಟು. ತಿರುಪು ಇರುವುದು ಮಿದುಳಿನಲ್ಲಿ; ಭಯ, ಚಿಂತೆ, ಸಮಾಧಾನಗಳೂ ಅಲ್ಲೇ ನೆಲಸಿವೆ. ಒಂದರ ಕೈ ಇನ್ನೊಂದನ್ನು ತಾಕುವುದರಲ್ಲಿ ಆಶ್ಚರ್ಯವೇನು?

ಇನ್ನು ಬಿಸಿನೀರು, ಎಣ್ಣೆ, ಸೂಜಿ. ಬಿಸಿನೀರಿನ ಕೊಳದಲ್ಲಿ ನಿಂತು ಮಾಡುವ ಚಿಕಿತ್ಸೆಗೆ ಯುರೋಪಿನ ತಜ್ಞರು ಒಂದು ಮಟ್ಟದ ಒಪ್ಪಿಗೆ ಕೊಟ್ಟಿದ್ದಾರೆ. ನಮ್ಮ ಮನೆಗಳ ಹಂಡೆಯ ನೀರೂ ಎಣ್ಣೆಸ್ನಾನವೂ ಆ ಹೊತ್ತಿಗೆ ಮೈಯನ್ನು ಸಡಿಲಗೊಳಿಸುತ್ತವೆ. ಆ ಸುಖವನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಮರ್ದನದಿಂದ ಬೇನೆಯೇ ತಗ್ಗುತ್ತದೆ ಎನ್ನಲು ಸಾಕಷ್ಟು ಆಧಾರ ಕಾಣದೆ ಅದೇ ತಜ್ಞರು ಅದನ್ನು ಶಿಫಾರಸು ಮಾಡಲಿಲ್ಲ. ಚೀನಾದ ಸೂಜಿಚಿಕಿತ್ಸೆಯ ಕಥೆ ಸ್ವಾರಸ್ಯವಾಗಿದೆ. ೨೦೦೫ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ೧೦೦ ಮಂದಿಯಲ್ಲಿ ಕೆಲವರಿಗೆ ಶಾಸ್ತ್ರೋಕ್ತವಾಗಿ, ಉಳಿದವರಿಗೆ ಹುಸಿಯಾಗಿ ಸೂಜಿ ಹಾಕಿದರು. ನಿಜದ ಸೂಜಿ ಹುಸಿಯ ಸೂಜಿಗಿಂತ ಮೇಲೆನಿಸಲಿಲ್ಲ. ಬೇರೆ ಕೆಲವು ಪ್ರಯೋಗಗಳು ಸ್ವಲ್ಪ ಅನುಕೂಲವಾಗಿವೆ. ಈ ಕಾರಣದಿಂದ ಅದಕ್ಕೆ ದೊರೆತದ್ದು ಅರೆಮನಸ್ಸಿನ ಒಪ್ಪಿಗೆ.

ಕಡೆಯದಾಗಿ ಒಂದು ಎಚ್ಚರಿಕೆ. ವಾಸಿಯಾಗದ ನೋವು ಇರುವ ಕಡೆ ವಾಸಿಮಾಡುವೆನೆಂದು ಬರುವವರಿಗೆ ಬರವಿಲ್ಲ. ನಮ್ಮ ಮನೆಗೂ ಹೆಸರಿಲ್ಲದ ಪುಡಿಯ ಪೊಟ್ಟಣಗಳು ಬಂದುಹೋಗಿವೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ೨೦೦೪ರಲ್ಲಿ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ತಂದ ೭೦ ಬಗೆಯ ಆಯುರ್ವೇದ ಸಿದ್ಧೌಷಧಗಳನ್ನು ಪರೀಕ್ಷಿಸಿದಾಗ ೧೪ರಲ್ಲಿ ಸೀಸ, ಪಾದರಸ ಇಲ್ಲವೆ ಆರ್ಸೆನಿಕ್ ಇದ್ದುದು ತಿಳಿದುಬಂತು. ಇದರಿಂದ ಆಯುರ್ವೇದವೇ ಸಲ್ಲದೆಂದು ತಿಳಿಯಬೇಕಾಗಿಲ್ಲ. ಒಳಗೇನಿದೆ ಎಂದು ಕೇಳದೆ ನುಂಗಬಾರದು, ಅಷ್ಟೆ. ಯಾವ ಪದ್ಧತಿಯವನೇ ಆಗಲಿ, ಅವನನ್ನು ನಾಲ್ಕು ಪ್ರಶ್ನೆಗಳಿಂದ ಅಳೆಯಬಹುದು. ಪೂರ್ತಿ ವಾಸಿಯ ಭರವಸೆ ಕೊಡುತ್ತಾನೆಯೇ? ವೈದ್ಯರ ಗುಳಿಗೆಯನ್ನು ಈಗಲೇ ಬಿಡು ಎನ್ನುತ್ತಾನೆಯೇ? ಮದ್ದಿನಲ್ಲಿ ಏನೇನಿದೆ ಎಂದು ಬರೆದುಕೊಡಲು ಹಿಂಜರಿಯುತ್ತಾನೆಯೇ? ಗುಣ ಕಾಣದಿದ್ದರೂ ಮತ್ತೆ ಮತ್ತೆ ಹಣ ಕೇಳುತ್ತಾನೆಯೇ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ಅಲ್ಲಿಂದ ಎದ್ದುಬರುವುದು ಲೇಸು. ಮೈನೋವೆಲ್ಲ ಇದೇ ಬೇನೆಯೆಂದು ತಾನೇ ನಿರ್ಧರಿಸುವುದೂ ತಪ್ಪು. ಥೈರಾಯ್ಡ್ ಗ್ರಂಥಿಯ ದೋಷ, ಡಿ ಜೀವಸತ್ವದ ಕೊರತೆ, ಸಂಧಿವಾತ ಇವುಗಳೂ ಇದೇ ವೇಷದಲ್ಲಿ ಬರಬಲ್ಲವು. ಮೊದಲು ವೈದ್ಯರಲ್ಲಿ ಪರೀಕ್ಷೆ ಆಗಲೇಬೇಕು.

ಮೇಲೆ ಹೇಳಿದ ಉಪಾಯಗಳಲ್ಲಿ ಒಂದೂ ರಾಮಬಾಣವಲ್ಲ. ಆದರೂ ಅವುಗಳಲ್ಲಿ ಮುಖ್ಯವಾದವು, ಅಂದರೆ ನಡಿಗೆ, ನಿದ್ರೆ, ನಿಧಾನದ ಉಸಿರು, ಹಣದಿಂದ ಕೊಳ್ಳುವಂಥವಲ್ಲ. ಅವಕ್ಕೆ ಬೇಕಾದದ್ದು ಬಿಡುವು, ಮತ್ತು ಮನೆಯವರ ಸಹಾನುಭೂತಿ. ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಗೃಹಿಣಿಗೆ ಹತ್ತು ನಿಮಿಷ ನಡೆದು ಬಾ ಎಂದು ಹೇಳುವುದು ಸುಲಭ. ಆ ಹತ್ತು ನಿಮಿಷ ಒಲೆಯ ಮುಂದೆ ನಿಲ್ಲುವವರು ಯಾರು ಎಂಬುದನ್ನೂ ಮನೆಯವರೇ ಗೊತ್ತುಮಾಡಬೇಕು. ನಮ್ಮ ಸಹಪಾಠಿಗಳಲ್ಲಿ, ನಮ್ಮ ತಾಯಂದಿರಲ್ಲಿ, ಕಾಲೇಜಿನ ಸಿಬ್ಬಂದಿಯವರಲ್ಲಿ ಯಾರಾದರೂ ‘ಮೈಯೆಲ್ಲ ನೋವು’ ಎಂದಾಗ, ನಗುವುದನ್ನು ಬಿಟ್ಟು ‘ಎಷ್ಟು ದಿನದಿಂದ?’ ಎಂದು ಕೇಳುವವರು ಒಬ್ಬಿಬ್ಬರಾದರೂ ಹೆಚ್ಚಾದರೆ ಈ ಲೇಖನದ ಶ್ರಮ ಸಾರ್ಥಕ.