ಅಂಗಳದ ಹಳೆಯ ಜೀಪು: ಒಂದು ಜೀರ್ಣೋದ್ಧಾರದ ವಿಚಾರ

ಜೀರ್ಣೋದ್ಧಾರವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣೆದುರಿಗೆ ಬರುವುದು ಗುಡಿ, ಮಠ, ಕೆರೆ, ಕಟ್ಟೆಗಳು. ಮನೆತನವೊಂದರ ಭಾರವನ್ನು ಹತ್ತಾರು ವರ್ಷ ಹೊತ್ತ ಯಂತ್ರವು ಜೀರ್ಣವಾದಾಗ ಮಾತ್ರ ಅದಕ್ಕೆ ಬಹುಮಟ್ಟಿಗೆ ದೊರೆಯುವುದು ಗುಜರಿಯವನ ತಕ್ಕಡಿ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಸೀಮೆಯ ತೋಟದ ಮನೆಗಳಲ್ಲಿ ಈ ಪ್ರಶ್ನೆ ಇಂದು ನಿಜವಾಗಿಯೂ ಎದ್ದಿದೆ. ಶೆಡ್ಡಿನ ಮೂಲೆಯಲ್ಲಿ ನಿಂತಿರುವ ಹಳೆಯ ಜೀಪನ್ನು ಮಾರಬೇಕೆಂದು ಮಗ, ಉಳಿಸಬೇಕೆಂದು ತಂದೆ ಹೇಳುವ ಮನೆಗಳು ಅಲ್ಲಿ ಅಪರೂಪವಲ್ಲ. ಎರಡು ಮಾತಿನಲ್ಲಿಯೂ ಸತ್ಯವಿದೆ. ಮನಸ್ಸಿನ ಮಮತೆ ಮತ್ತು ಕೈಯ ಹಣ ಎರಡನ್ನೂ ತೂಗಿ ನೋಡುವವರಿಗೆ ನೆರವಾಗಲೆಂದು ಈ ವಿಚಾರವನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಸೀಮೆಯೂ ವಾಹನವೂ

ಈ ನೆಲ ನಮ್ಮ ಓದುಗರಿಗೆ ತೀರ ಅಪರಿಚಿತವೇನಲ್ಲ. ವೀರಶೈವ ಮತಾನುಯಾಯಿಗಳಾದ ಹಾಲೇರಿ ಅರಸರು ಕೊಡಗನ್ನು ಆಳುತ್ತಿದ್ದಾಗ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗಗಳು ಅವರ ಆಡಳಿತಕ್ಕೆ ಸೇರಿದ್ದವು. 1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾದ ಬಳಿಕ ಅವು ಕೆನರಾ ಜಿಲ್ಲೆಗೆ ಸೇರಿಹೋದವು. 1837ರ ಅಮರ ಸುಳ್ಯದ ದಂಗೆ ಇಲ್ಲಿಯೇ ಭುಗಿಲೆದ್ದಿತು. ಅತ್ತ ಸಂಪಾಜೆ, ಇತ್ತ ಬಿಸಿಲೆ, ಶಿರಾಡಿಯ ಘಾಟಿಗಳು. ನಡುವೆ ಪಯಸ್ವಿನಿ, ಕುಮಾರಧಾರೆಯರಿಗೆ ಇಳಿಯುವ ಲೆಕ್ಕವಿಲ್ಲದ ತೋಡುಗಳು. ಊರೆಂದರೆ ಇಲ್ಲಿ ಒತ್ತಾಗಿ ಕಟ್ಟಿದ ಮನೆಗಳ ಕೇರಿಯಲ್ಲ. ಗುಡ್ಡದ ಮಗ್ಗುಲಿಗೊಂದು, ಕಣಿವೆಯ ತಳಕ್ಕೊಂದು ಮನೆ. ಸುತ್ತ ಅಡಿಕೆ ತೋಟ, ಮೇಲೆ ರಬ್ಬರು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕು ಸುರಿಯುವ ಮಳೆಯಲ್ಲಿ ಕೆಮ್ಮಣ್ಣಿನ ದಾರಿಗಳು ಕೆಸರಿನ ಕಾಲುವೆಗಳಾಗುತ್ತಿದ್ದವು. ಅಂತಹ ದಾರಿಯಲ್ಲಿ ಕಾರು ಮುಂದೆ ಸಾಗದು, ಬಸ್ಸು ಬಾರದು. ಅಲ್ಲಿಗೆ ಬಂದದ್ದು ಜೀಪು.

ಜೀಪು ಯುದ್ಧಕಾಲದ ಕೂಸು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮಿಕ್ಕ ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಸ್ಥಾಪಿತವಾದ ಸಂಸ್ಥೆಯೇ ಮುಂದೆ ಮಹೀಂದ್ರ ಅಂಡ್ ಮಹೀಂದ್ರ ಎನಿಸಿ, ವಿಲ್ಲೀಸ್ ಜೀಪುಗಳ ಜೋಡಣೆಗೆ ಕೈಹಾಕಿತು. ವಿಲ್ಲೀಸ್ 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಮಾದರಿಯು ಅಮೆರಿಕದಲ್ಲಿ 1968ರ ಹೊತ್ತಿಗೆ ನಿಂತುಹೋದರೂ ನಮ್ಮಲ್ಲಿ ಅದರ ವಂಶ ಬಹುಕಾಲ ಬೆಳೆಯಿತು. ಮೂತಿ ಎತ್ತರವಾಗಿ ಕಾಣುವ ಜೀಪು ಅದೇ. ಒಳಗಿನ 2.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಸೇರುವ ವಾಲ್ವುಗಳು ಹೆಡ್ಡಿನಲ್ಲಿ, ಹೊಗೆ ಹೊರಬಿಡುವ ವಾಲ್ವುಗಳು ಬ್ಲಾಕಿನಲ್ಲಿ ಇವೆ. ಇದರಿಂದ ಎಂಜಿನ್ನು ಎತ್ತರವಾಯಿತು. ಅದಕ್ಕೆ ತಕ್ಕಂತೆ ಬಾನೆಟ್ಟೂ ಎತ್ತರವಾಯಿತು. ಡೀಸೆಲ್ ಜೀಪುಗಳು ಬಂದದ್ದು ಆಮೇಲಿನ ಮಾತು.

ಈ ವಾಹನದ ಗುಟ್ಟು ಇರುವುದು ಗೇರಿನ ದಂಡದ ಪಕ್ಕದ ಎರಡು ಚಿಕ್ಕ ದಂಡಗಳಲ್ಲಿ. ಒಂದು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲವನ್ನು ಕೊಡುತ್ತದೆ. ಇನ್ನೊಂದು ವೇಗವನ್ನು ತಗ್ಗಿಸಿ ಎಳೆಯುವ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಅಡಿಕೆ ಮೂಟೆ, ಗೊಬ್ಬರ, ಮದುಮಕ್ಕಳು, ಆಸ್ಪತ್ರೆಗೆ ಹೊರಟ ಬಾಣಂತಿ ಎಲ್ಲರೂ ಎಲ್ಲವೂ ಏರು ಹತ್ತಿದ್ದು ಈ ಎರಡು ದಂಡಗಳ ಉಪಕಾರದಿಂದ. ಬಸ್ಸಿಲ್ಲದ ಹಳ್ಳಿಗಳಿಗೆ ಸರ್ವಿಸ್ ಜೀಪುಗಳು ಜನರನ್ನು ಕರೆದೊಯ್ದ ಕಾಲವನ್ನು ಈ ಸೀಮೆಯ ಹಿರಿಯರು ಇಂದಿಗೂ ನೆನೆಯುತ್ತಾರೆ.

ಮೊದಲು ಕಾಗದ, ಆಮೇಲೆ ಸ್ಪ್ಯಾನರು

ಉಳಿಸುವ ಮನಸ್ಸಾದವರು ಮೊದಲು ತೆರೆಯಬೇಕಾದದ್ದು ಬಾನೆಟ್ಟನ್ನಲ್ಲ, ಕಾಗದದ ಪೆಟ್ಟಿಗೆಯನ್ನು. ನೋಂದಣಿ ಪುಸ್ತಕದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ವಾಹನದ ಮೇಲಿನ ಸಂಖ್ಯೆಗಳಿಗೆ ಹೊಂದುತ್ತವೆಯೇ ಎಂದು ನೋಡಬೇಕು. ಪೆಟ್ರೋಲಿನ ಬೆಲೆಗೆ ಅಂಜಿ ಹಿಂದೆ ಅನೇಕರು ಮೂಲ ಎಂಜಿನ್ನನ್ನು ಕಳಚಿ ಡೀಸೆಲ್ ಎಂಜಿನ್ ಕೂರಿಸಿದ್ದುಂಟು. ಆ ಬದಲಾವಣೆ ಪುಸ್ತಕದಲ್ಲಿ ದಾಖಲಾಗಿರದಿದ್ದರೆ ಮುಂದಿನ ಶ್ರಮವೆಲ್ಲ ಸಾರಿಗೆ ಕಚೇರಿಯ ಬಾಗಿಲಲ್ಲಿ ನಿಂತುಹೋಗಬಹುದು. ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಪುಸ್ತಕ ಉಳಿದಿದ್ದರೆ, ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಒಪ್ಪಿಗೆಯಿಂದ ಹೆಸರು ವರ್ಗಾಯಿಸಿಕೊಳ್ಳುವುದು ಮೇಲು. ಜೀಪು ದುರಸ್ತಿಯಾಗಿ ಅದಕ್ಕೆ ಬೆಲೆ ಬಂದ ಮೇಲೆ ಜಗಳ ಹುಟ್ಟುವುದು ಸುಲಭ.

ಖಾಸಗಿ ವಾಹನದ ನೋಂದಣಿ ಮೊದಲಿಗೆ 15 ವರ್ಷದ ಅವಧಿಯದು. ಆಮೇಲೆ ವಾಹನವನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಇದಲ್ಲದೆ 2021ರಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆಂದೇ ಪ್ರತ್ಯೇಕ ನಿಯಮವನ್ನು ತಂದಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿರುವ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಾಗದ ಖಾಸಗಿ ವಾಹನಗಳಿಗೆ ಇದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಸಂಖ್ಯೆಯಲ್ಲಿ ವಿಎ ಎಂಬ ಗುರುತು. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮೊದಲಾದ ಕಾರಣಗಳಿಗೆ ಹೊರತು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಅಡಿಕೆ ಹೇರಿಕೊಂಡು ಪೇಟೆಗೆ ಹೋಗಬೇಕೆನ್ನುವವರಿಗೆ ಸಾಮಾನ್ಯ ನವೀಕರಣದ ದಾರಿಯೇ ಸರಿ. ಯಾವ ದಾರಿ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಏಕೆಂದರೆ ಬಿಡಿಭಾಗಗಳ ಆಯ್ಕೆಯೆಲ್ಲ ಅದನ್ನೇ ಅವಲಂಬಿಸಿದೆ.

ತುಕ್ಕಿನ ತನಿಖೆ

ಕರಾವಳಿಯ ಜೀಪಿನ ಪರಮಶತ್ರು ತುಕ್ಕು. ಅಡಿಕೆ ಸೀಮೆಯಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಕೊಳೆರೋಗ ತಡೆಯಲು ತೋಟಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣಕ್ಕೆ ಬೇಕಾದ ಮೈಲುತುತ್ತನ್ನು ಸಾಗಿಸಿದ್ದು ಇದೇ ಜೀಪುಗಳಲ್ಲಿ. ಮೈಲುತುತ್ತಿನ ನೀರು ಕಬ್ಬಿಣವನ್ನು ತಿನ್ನುತ್ತದೆ. ಸುಣ್ಣ ಸಾಕಷ್ಟು ಬೀಳದ ದ್ರಾವಣವೂ ಹಾಗೆಯೇ. ಆದುದರಿಂದ ಹಿಂಬದಿಯ ತಳದ ತಗಡು, ಸೀಟಿನ ಅಡಿಭಾಗ, ಕೆಸರು ಕುಳಿತುಕೊಳ್ಳುವ ಚಾಸಿಯ ಸಂದುಗಳು, ಬಾಡಿಯನ್ನು ಬಿಗಿದ ಬೋಲ್ಟಿನ ಜಾಗಗಳು ಇವನ್ನು ತೊಳೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಝಣ್ ಎನ್ನುತ್ತದೆ. ಟೊಳ್ಳಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಟೊಳ್ಳಾದ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು ವಂಚನೆ. ಮೋಸ ಹೋಗುವವರು ನಾಳೆ ಅದರಲ್ಲಿ ಕೂರುವ ನಮ್ಮದೇ ಮಕ್ಕಳು. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ನುರಿತವರಿಂದ ಬೆಸುಗೆ ಹಾಕಿಸಿ, ಒಡನೆಯೇ ರೆಡ್ ಆಕ್ಸೈಡ್ ಬಳಿಯಬೇಕು. ಚಾಸಿಯೇ ಉದ್ದಕ್ಕೂ ಟೊಳ್ಳಾಗಿದ್ದರೆ ಅಲ್ಲಿಗೆ ಕೈಬಿಡುವುದು ವಿವೇಕ. ಅಂತಹ ವಾಹನವನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ನೋಂದಣಿಯನ್ನು ರದ್ದು ಮಾಡಿಸುವುದರಲ್ಲಿ ಅಗೌರವವೇನೂ ಇಲ್ಲ.

ಭಾಗಗಳನ್ನು ಕಳಚುವಾಗ ತಾಳ್ಮೆಯೇ ಬಂಡವಾಳ. ಒಂದೊಂದು ಭಾಗದ ಬೋಲ್ಟುಗಳನ್ನು ಒಂದೊಂದು ತೆಂಗಿನ ಗೆರಟೆಯಲ್ಲಿ ಹಾಕಿ, ಹೆಸರು ಬರೆದ ಚೀಟಿಯಿಟ್ಟು, ಜಗಲಿಯಲ್ಲಿ ಸಾಲಾಗಿ ಜೋಡಿಸಿಟ್ಟರೆ ಆರು ತಿಂಗಳ ಬಳಿಕವೂ ಗೊಂದಲವಾಗದು. ಕಳಚುವ ಮುನ್ನ ಫೋಟೋ ತೆಗೆದಿಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು.

ಓಡುವ ಮುನ್ನ ನಿಲ್ಲುವುದು

ಬಹುಮಂದಿ ಎಂಜಿನ್ನು ಚಾಲೂ ಆದ ದಿನವೇ ಗೆದ್ದೆವೆಂದು ಹಿಗ್ಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಳಿಜಾರಿನ ಈ ನಾಡಿನಲ್ಲಿ ಬ್ರೇಕಿನ ಕೆಲಸ ಮುಗಿಯದೆ ಎಂಜಿನ್ನಿನ ಮಾತನ್ನೇ ಎತ್ತಬಾರದು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ದ್ರವದ ಸಾಲು. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆಯೇ. ಕೈಬ್ರೇಕು ಚಕ್ರಗಳ ಮೇಲಿರದೆ ಗೇರುಪೆಟ್ಟಿಗೆಯ ಹಿಂದೆ, ದಂಡಕ್ಕೆ ತಾಗಿ ಇರುತ್ತದೆ. ಅದಕ್ಕೆ ಎಣ್ಣೆ ಸೋರಿದರೆ ಅದೂ ವ್ಯರ್ಥ. ಆದಕಾರಣ ಉಕ್ಕಿನ ಕೊಳವೆಗಳು, ರಬ್ಬರ್ ಹೋಸುಗಳು, ಸಿಲಿಂಡರುಗಳ ರಬ್ಬರ್ ಕಪ್ಪುಗಳು ಎಲ್ಲವನ್ನೂ ಹೊಸದಾಗಿ ಹಾಕಿಸಬೇಕು. ಬ್ರೇಕಿಗೆ ಬ್ರೇಕಿನ ದ್ರವವನ್ನೇ ಹೊಯ್ಯಬೇಕು. ಎಂಜಿನ್ ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಕೆಡುತ್ತದೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿರುವುದರಿಂದ ಅವುಗಳ ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬರಿಯ ಜಾಕಿಯನ್ನು ನಂಬಿ ವಾಹನದ ಅಡಿಗೆ ಯಾರೂ ನುಸುಳಕೂಡದು. ಚಕ್ರಕ್ಕೆ ಅಡ್ಡಕೊಟ್ಟು, ಚಾಸಿಯಡಿಗೆ ಗಟ್ಟಿಮರದ ದಿಮ್ಮಿಗಳನ್ನಿಟ್ಟ ಮೇಲೆಯೇ ಕೆಲಸ.

ಆಮೇಲೆ ಎಂಜಿನ್ನು. ವರ್ಷಗಟ್ಟಲೆ ನಿಂತ ಯಂತ್ರಕ್ಕೆ ಒಮ್ಮೆಲೇ ಬ್ಯಾಟರಿ ಕೊಟ್ಟು ತಿರುಗಿಸಿದರೆ ರಿಂಗುಗಳು ಮುರಿಯಬಹುದು. ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ಗುಗಳನ್ನು ತೆಗೆದು, ಪ್ರತಿ ಸಿಲಿಂಡರಿಗೆ ತುಸು ಎಣ್ಣೆ ಬಿಟ್ಟು, ಎರಡು ಮೂರು ದಿನ ನೆನೆಯಬಿಟ್ಟು, ಬಳಿಕ ಹ್ಯಾಂಡಲಿನಿಂದ ಮೆಲ್ಲಗೆ ಕೈಯಲ್ಲೇ ತಿರುಗಿಸಬೇಕು. ಹಳೆಯ ಎಣ್ಣೆ, ಹಳಸಿದ ಪೆಟ್ರೋಲು, ರೇಡಿಯೇಟರಿನ ಕೆಸರು ಎಲ್ಲವನ್ನೂ ಇಳಿಸಬೇಕು. ಪೆಟ್ರೋಲ್ ಟ್ಯಾಂಕು ಖಾಲಿಯಾಗಿ ಕಂಡರೂ ಒಳಗಿನ ಆವಿ ಸಿಡಿಯಬಲ್ಲುದು. ಅದರ ಹತ್ತಿರ ಬೆಸುಗೆಯ ಕಿಡಿ ಸುಳಿಯಕೂಡದು. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಕೊಳವೆಗಳೂ ಪಂಪಿನ ಪೊರೆಯೂ ಬೇಗ ಶಿಥಿಲವಾಗುತ್ತವೆ. ಈ ಪೆಟ್ರೋಲಿಗೆ ತಾಳುವಂಥವನ್ನು ಕೇಳಿ ಹಾಕಿಸಬೇಕು. ಇಳಿಸಿದ ಎಣ್ಣೆಯನ್ನು ತೋಡಿಗೆ ಸುರಿಯುವುದು ಮಹಾಪರಾಧ. ಆ ನೀರನ್ನು ಕೆಳಗಿನ ತೋಟದವರು ಕುಡಿಯುತ್ತಾರೆಂಬುದು ನೆನಪಿರಲಿ. ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಅಧಿಕೃತ ವ್ಯಾಪಾರಿಗೆ ಒಪ್ಪಿಸಬೇಕು.

ಬಣ್ಣ ಎಲ್ಲಕ್ಕಿಂತ ಕೊನೆಯದು. ಹಣ ಮುಗಿದರೆ ಬಣ್ಣ ಕಾಯಬಲ್ಲುದು, ಬ್ರೇಕು ಕಾಯಲಾರದು. ಹೀಗೆ ಸಿದ್ಧವಾದ ಜೀಪನ್ನು ನಡೆಸುವುದಕ್ಕೂ ಒಂದು ಶಿಸ್ತುಂಟು. ಕೆಸರಿನಲ್ಲಿ ನಾಲ್ಕು ಚಕ್ರದ ಬಲವನ್ನು ಬಳಸಿ, ಗಟ್ಟಿಯಾದ ಒಣ ರಸ್ತೆಗೆ ಬಂದೊಡನೆ ಅದನ್ನು ಬಿಡಿಸಬೇಕು. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಸಮನಾಗಿ ಸುತ್ತುವುದಿಲ್ಲ. ಒಣ ನೆಲದಲ್ಲಿ ಜಾರಲು ಎಡೆಯಿಲ್ಲದೆ ಗೇರುಗಳು ಒಂದಕ್ಕೊಂದು ಬಿಗಿದುಕೊಂಡು ಸವೆಯುತ್ತವೆ.

ಕೈಯಿಂದ ಕೈಗೆ

ಇನ್ನೊಂದು ಮಾತನ್ನು ಹೇಳದೆ ಈ ಲೇಖನ ಮುಗಿಯದು. ಈ ಜೀಪುಗಳ ಸದ್ದು ಕೇಳಿಯೇ ದೋಷ ಹೇಳಬಲ್ಲ ಮೇಸ್ತ್ರಿಗಳು ವೃದ್ಧರಾಗುತ್ತಿದ್ದಾರೆ. ಅವರ ವಿದ್ಯೆ ಬಹುಪಾಲು ಯಾವ ಗ್ರಂಥದಲ್ಲಿಯೂ ಬರೆದಿಟ್ಟದ್ದಲ್ಲ. ಅದು ಬೆರಳಿನಲ್ಲಿದೆ, ಕಿವಿಯಲ್ಲಿದೆ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಒಪ್ಪಿದ ಪರಂಪರೆಯವರು ನಾವು. ಅಂತಹ ಹಿರಿಯ ಮೇಸ್ತ್ರಿಯನ್ನು ಮನೆಗೆ ಗೌರವದಿಂದ ಕರೆತಂದು, ಜಗಲಿಯಲ್ಲಿ ಕೂರಿಸಿ, ತಕ್ಕ ಸಂಭಾವನೆಯಿತ್ತು, ಮಗನನ್ನೋ ಮಗಳನ್ನೋ ಅವರ ಪಕ್ಕದಲ್ಲಿ ಕೆಲಸಕ್ಕೆ ನಿಲ್ಲಿಸಿದರೆ, ಜೀಪಿನ ಜೊತೆಗೆ ಒಂದು ವಿದ್ಯೆಯೂ ಉಳಿಯುತ್ತದೆ. ಓದು ಮುಗಿಸಿ ಬೆಂಗಳೂರಿಗೋ ಹೊರದೇಶಕ್ಕೋ ಹೊರಡಲಿರುವ ಮಕ್ಕಳು ಒಂದು ಬೇಸಗೆ ರಜೆಯನ್ನು ತಂದೆಯ ಜೊತೆ ಈ ಕೆಲಸದಲ್ಲಿ ಕಳೆದರೆ ಅದೂ ಒಂದು ಶಿಕ್ಷಣವೇ.

ಸಾಲಮಾಡಿ ಯಾರೂ ಈ ಕೆಲಸಕ್ಕೆ ಇಳಿಯಬೇಡಿ. ನೆರೆಯವರ ಮುಂದೆ ಮೆರೆಯಲೆಂದೂ ಬೇಡ. ಕಾಗದ ಶುದ್ಧವಾಗಿದ್ದು, ಚಾಸಿ ಗಟ್ಟಿಯಿದ್ದು, ಮನೆಯವರೆಲ್ಲರ ಒಪ್ಪಿಗೆಯಿದ್ದರೆ, ಮಳೆಗಾಲ ಕಳೆದ ಮೇಲೆ ಮೊದಲ ಗೆರಟೆಯನ್ನು ಜಗಲಿಯಲ್ಲಿಡಿ. ಮುಂದಿನ ಮುಂಗಾರಿನೊಳಗೆ ನಿಮ್ಮ ಹಿರಿಯರ ಜೀಪು ಇಳಿಜಾರಿನಲ್ಲಿ ಹೇಳಿದಲ್ಲಿ ನಿಲ್ಲುವಂತಾದರೆ, ಪಟ್ಟ ಶ್ರಮ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.