ವೈರ್ ಉದ್ದವಾದರೆ ದನಿ ಕೆಡುತ್ತದೆಯೇ?

ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರು. ಇಂಥ ಜಾತ್ರೆಗಳಲ್ಲಿ ಬೀದಿಯುದ್ದಕ್ಕೂ ಹಾರನ್ ಕಟ್ಟಿದ್ದರೆ ಒಂದೇ ಮಾತು ಎರಡೆರಡು ಸಲ ಕೇಳುತ್ತದೆ. ‘ವೈರು ಉದ್ದ ಆಗೋಯ್ತು, ಅದ್ಕೇ ಸೌಂಡು ತಡವಾಗಿ ಬತ್ತದ’ ಎಂಬ ಮಾತನ್ನು ಚಾಮರಾಜನಗರದಲ್ಲೂ ಕೇಳಿದ್ದೇನೆ, ಗುಂಡ್ಲುಪೇಟೆಯಲ್ಲೂ ಕೇಳಿದ್ದೇನೆ. ಅದು ತಪ್ಪು. ತಂತಿಯೊಳಗೆ ಸಿಗ್ನಲ್ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, 100 ಮೀಟರ್ ದಾಟಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ. ತಡವಾಗುವುದು ಗಾಳಿಯಲ್ಲಿ. ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ 100 ಮೀಟರ್ ಆಚೆಯ ಹಾರನ್ನಿನ ಮಾತು, ಪಕ್ಕದ ಹಾರನ್ನಿಗಿಂತ 0.3 ಸೆಕೆಂಡ್ ಹಿಂದೆ ಬೀಳುತ್ತದೆ.

ಹಾಗಂತ ಉದ್ದದಿಂದ ತೊಂದರೆಯೇ ಇಲ್ಲವೆಂದಲ್ಲ. ವೈರಿನ ಎರಡು ತುದಿಗೆ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಏರಿಳಿಯುವ ಸಿಗ್ನಲ್‌ಗೆ ಎದುರಾಗುವ ಒಟ್ಟು ತಡೆಯೇ ಇಂಪೀಡೆನ್ಸ್, ಅದರ ಅಳತೆ ಓಂ. 8 ಓಂ ಸ್ಪೀಕರ್‌ಗೆ 1 ಚದರ ಮಿ.ಮೀ. ತಾಮ್ರದ ವೈರನ್ನು 100 ಮೀಟರ್ ಎಳೆದರೆ, ಹೋಗಿಬರುವ ದಾರಿ ಸೇರಿ 3.5 ಓಂ ತಡೆ ವೈರಿನಲ್ಲೇ ಕೂರುತ್ತದೆ. ಸ್ಪೀಕರ್‌ಗೆ ಸಿಗಬೇಕಿದ್ದ ಶಕ್ತಿಯಲ್ಲಿ ಅರ್ಧವೂ ತಲುಪದು. ಆಗ ಇನ್ನೂ ದೊಡ್ಡ ಆಂಪ್ಲಿಫೈಯರ್ ಬಾಡಿಗೆಗೆ ತರುತ್ತಾರೆ. ಅದರ ಜೊತೆ ವೈರೂ ಇನ್ನಷ್ಟು ಬಿಸಿಯಾಗುತ್ತದೆ. ಅದೇ ವೈರಿನಲ್ಲಿ 100 ವೋಲ್ಟ್ ಲೈನ್ ಕೊಟ್ಟು, ಹಾರನ್ನಿಗೆ ಟ್ರಾನ್ಸ್‌ಫಾರ್ಮರ್ ಹಾಕಿ ನೋಡಿ. 30 ವ್ಯಾಟಿನ ಹಾರನ್ ಲೈನಿಗೆ 333 ಓಂ ಆಗಿ ಕಾಣುತ್ತದೆ, ನಷ್ಟ ಶೇ. 2ರಷ್ಟು.

ನನಗೆ ನಿಜಕ್ಕೂ ನೋವಾಗುವುದು ಮೈಕಿನ ಕಡೆ. ಮಲೆ ಮಾದಪ್ಪನ ಭಕ್ತರಾದ ಗುಡ್ಡರು ಕಂಸಾಳೆ ತಾಳ ಹಿಡಿದು ಕುಣಿಯುವಾಗ ಹಿತ್ತಾಳೆಯ ಆ ಝಣತ್ಕಾರವೇ ಕುಣಿತದ ಜೀವ. ಕೆಲವು ಹಳೆಯ ಮೈಕ್‌ಗಳ ಇಂಪೀಡೆನ್ಸ್ 50,000 ಓಂ. ಕೇಬಲ್ಲಿನ ಒಳತಂತಿ, ಹೊರಹೆಣಿಗೆ ಎರಡೂ ಸೇರಿ ಪುಟ್ಟ ಕೆಪಾಸಿಟರ್‌ನಂತೆ ಕೆಲಸ ಮಾಡುತ್ತವೆ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಹತ್ತೇ ಮೀಟರಿಗೆ, 3,000 ಹರ್ಟ್ಸ್ ಆಸುಪಾಸಿನಿಂದಲೇ ಮೇಲಿನ ದನಿ ಇಳಿಯತೊಡಗುತ್ತದೆ. ಕಂಸಾಳೆ ಮಂಕಾಗುತ್ತದೆ, ಹಾಡಿನ ಸಕಾರ ಶಕಾರ ಮೊಂಡಾಗುತ್ತವೆ. 200 ಓಂ ಮೈಕಿಗೆ 100 ಮೀಟರ್ ಎಳೆದರೂ ಕಿವಿಗೆ ಈ ನಷ್ಟ ಗೊತ್ತಾಗುವುದಿಲ್ಲ.

‘ಎರಡೂ ಕಡೆ ಓಂ ಸಮ ಇರಬೇಕು’ ಎನ್ನುವುದು ಟೆಲಿಫೋನ್ ಲೈನಿನಿಂದ ಬಂದ ಮಾತು. 20,000 ಹರ್ಟ್ಸ್ ಸಿಗ್ನಲ್ಲಿನ ಒಂದು ಅಲೆಯೇ ಕೇಬಲ್ಲಿನಲ್ಲಿ 10 ಕಿ.ಮೀ. ಉದ್ದ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ವೈರು ಎಳೆಯುವುದಾದರೆ ಆ ಲೆಕ್ಕ ಬೇಕು, ಪೆಂಡಾಲಿಗೆ ಬೇಡ. ಪೆಂಡಾಲಿನಲ್ಲಿ ಮೈಕಿನ ಓಂ ಕಡಿಮೆ, ಅದು ಸೇರುವ ಮಿಕ್ಸರಿನ ಓಂ ಹತ್ತು ಪಟ್ಟಾದರೂ ಹೆಚ್ಚು ಇದ್ದರೆ ಸಾಕು.

ದುಬಾರಿ ಕೇಬಲ್ ಕೊಳ್ಳುವ ಮೊದಲು ಮೈಕಿನ ಮೇಲೆ ಬರೆದ ಓಂ ಓದಿ. ಆಂಪ್ಲಿಫೈಯರನ್ನು ಸ್ಪೀಕರಿನ ಹತ್ತಿರ ಇಡಿ. ಮೈಕಿನ ವೈರು ಜನರೇಟರ್ ವೈರಿನ ಜೊತೆ ಸುತ್ತಿಕೊಳ್ಳದಂತೆ ನೋಡಿಕೊಳ್ಳಿ.