ಹಳೇ ಚಿಕ್ಕ ಟ್ರ್ಯಾಕ್ಟರಿಗೆ ಹೊಸ ಸೆಲ್ಫ್: ಕೊಳ್ಳುವ ಮುನ್ನ



ಜತ್ತ, ಅಕ್ಕಲಕೋಟ ಕಡೆಯ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಚಿಕ್ಕ ಟ್ರ್ಯಾಕ್ಟರುಗಳಿಗೆ ಸೆಲ್ಫಿನ ತಂಟೆ ತಪ್ಪಿದ್ದಲ್ಲ. ಅಕ್ಟೋಬರ್ ಚಾಟಣಿ ಮುಗಿದಿರುತ್ತದೆ, ರಾತ್ರಿ ಮಳೆಯಾಗಿರುತ್ತದೆ, ಬೆಳಿಗ್ಗೆ ಡೌನಿ ರೋಗಕ್ಕೆ ಔಷಧಿ ಹೊಡೆಯಲೇಬೇಕು. ಅದೇ ದಿನ ಕೀಲಿ ತಿರುವಿದರೆ 'ಟಕ್' ಎಂದು ಸುಮ್ಮನಾಗುತ್ತದೆ. ಆ ಗಡಿಬಿಡಿಯಲ್ಲಿ ಪೇಟೆಗೆ ಓಡಿ, 'ಚಿಕ್ಕ ಟ್ರ್ಯಾಕ್ಟರಿಂದು ಒಂದು ಸೆಲ್ಫ್ ಕೊಡ್ರಿ' ಎಂದು ತಂದವರಲ್ಲಿ ನಾನೂ ಒಬ್ಬ.

ಮೊದಲು ಕೆಟ್ಟದ್ದು ಸೆಲ್ಫೇ ಹೌದೋ ನೋಡಿ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ಸುಮಾರು ತೋರಿಸಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿಯೇ ಮುಂದಿನ ಮಾತು. ಆಮೇಲೆ ಒಬ್ಬರು ಕೀಲಿ ತಿರುವಲಿ, ಇನ್ನೊಬ್ಬರು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಸೆಲ್ಫಿನ ಮೈಗೆ ಹಿಡಿಯಲಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ತಪ್ಪು ಅರ್ಥಿಂಗ್ ವೈರಿನದು. ಔಷಧಿಯ ನೀರು ಬಿದ್ದು ಬಿದ್ದು ಆ ಬೋಲ್ಟಿನ ಬುಡ ತುಕ್ಕು ಹಿಡಿದಿರುತ್ತದೆ. ಉಪ್ಪುಕಾಗದದಿಂದ ಉಜ್ಜಿ ಬಿಗಿ ಮಾಡಿದರೆ ಖರ್ಚಿಲ್ಲದೆ ಕೆಲಸ ಆಯಿತು. 'ಟಕ್' ಎಂಬ ಸದ್ದೂ ಬರದಿದ್ದರೆ ಫ್ಯೂಸು, ಕ್ಲಚ್ಚಿನ ಬಳಿಯ ಸ್ವಿಚ್ಚು ನೋಡಿ. ಇಂಜಿನ್ ಚೆನ್ನಾಗಿ ಸುತ್ತುತ್ತಿದೆ, ಹೊತ್ತಿಕೊಳ್ಳುವುದಿಲ್ಲ ಎಂದರೆ ಅದು ಡೀಸೆಲ್ ಅಥವಾ ಗ್ಲೋ ಪ್ಲಗ್ಗಿನ ಗೋಳು.

ಸೆಲ್ಫೇ ಕೆಟ್ಟಿದ್ದರೂ ಹೊಸದು ಬೇಕೆಂದಿಲ್ಲ. ಕಾರ್ಬನ್, ಬುಷ್, ಬೆಂಡಿಕ್ಸ್, ಸೊಲೆನಾಯ್ಡ್ ಬಿಡಿಯಾಗಿಯೂ ಸಿಗುತ್ತವೆ. ಆರ್ಮೇಚರ್ ಸುಟ್ಟು ಕಮಟು ವಾಸನೆ ಬರುತ್ತಿದ್ದರೆ ಮಾತ್ರ ಹೊಸದಕ್ಕೆ ಹೋಗುವುದು ಲೇಸು ಎನ್ನುತ್ತೇನೆ.

ಕೊಳ್ಳಲು ಹೋಗುವಾಗ ಹಳೆಯದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಮರಾಠಿ ಅಂಗಡಿಯಲ್ಲೂ ಸೆಲ್ಫಿಗೆ ಸೆಲ್ಫೇ ಅನ್ನುತ್ತಾರೆ, ಭಾಷೆಯ ತೊಡಕಿಲ್ಲ, ಅಳತೆಯ ತೊಡಕಿದೆ. ಎರಡನ್ನೂ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟು ಬೋಲ್ಟ್ ತೂತುಗಳ ಅಂತರ, ಗೂಡಿಗೆ ಕೂಡುವ ಮೂತಿಯ ದಪ್ಪ, ಬೋಲ್ಟ್ ಮುಖದಿಂದ ಪಿನಿಯನ್ನಿನವರೆಗಿನ ದೂರ, ಪಿನಿಯನ್ನಿನ ಹಲ್ಲುಗಳ ಲೆಕ್ಕ ಮತ್ತು ದಪ್ಪ, ತಿರುಗುವ ದಿಕ್ಕು ಎಲ್ಲ ನೋಡಿ. 12 ವೋಲ್ಟಿನದೇ ಇರಬೇಕು. ಈ ಗಾತ್ರದ ಡೀಸೆಲ್ ಇಂಜಿನ್ನಿಗೆ ಸಾಮಾನ್ಯವಾಗಿ 1ರಿಂದ 2 ಕಿಲೋವ್ಯಾಟ್. ಹಳೆಯದರ ಪಟ್ಟಿಯ ಮೇಲೆ ಬರೆದದ್ದಕ್ಕಿಂತ ಕಡಿಮೆಯದು ಬೇಡ.

ನಾನು ತಂದದ್ದರಲ್ಲಿ ಒಂದು ಹಲ್ಲು ಕಡಿಮೆ ಇತ್ತು. ಬೋಲ್ಟು ಸರಿಯಾಗಿ ಕೂತವು, ಇಂಜಿನ್ನೂ ಎದ್ದಿತು, ಬರೀ ಸ್ವಲ್ಪ ಕರಕರ ಸದ್ದು. ಒಂದೇ ಹಂಗಾಮಿನಲ್ಲಿ ಫ್ಲೈವೀಲಿನ ರಿಂಗ್ ಗೇರ್ ತಿಂದುಹಾಕಿತು. ಅದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಸೆಲ್ಫಿನ ಬೆಲೆ ಅದರ ಮುಂದೆ ಏನೂ ಅಲ್ಲ.

ಆದ್ದರಿಂದ ಸೆಲ್ಫ್ ಬಿಚ್ಚಿದಾಗ ಆ ತೂತಿನೊಳಗೆ ಬ್ಯಾಟರಿ ಬಿಟ್ಟು ರಿಂಗಿನ ಹಲ್ಲು ನೋಡಿ. ಇಂಜಿನ್ ನಿಲ್ಲುವುದು ಎಲ್ಲೆಂದರಲ್ಲಿ ಅಲ್ಲ, ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕು ಗೊತ್ತಾದ ಜಾಗದಲ್ಲೇ. ಶಕ್ತಿ ಎಂಟಿ 180ಡಿಯಂಥ ಮೂರು ಸಿಲಿಂಡರಿನದರಲ್ಲಿ ರಿಂಗು ಮೂರು ಕಡೆ ಸವೆಯುತ್ತದೆ. ಯುವರಾಜ್ 215ರಂಥ ಒಂಟಿ ಸಿಲಿಂಡರಿನದರಲ್ಲಿ ಹೆಚ್ಚಾಗಿ ಒಂದೇ ಕಡೆ. ಅದಕ್ಕೇ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ನಿಧಾನ ಪೂರ್ತಿ ಒಂದು ಸುತ್ತು ತಿರುವಿ ನೋಡಬೇಕು. ಹಲ್ಲು ಮುರಿದಿದ್ದರೆ ಎಂಥ ಹೊಸ ಸೆಲ್ಫೂ ಬಾಳುವುದಿಲ್ಲ.

ಈಗ ಒಳಗೇ ಗೇರ್ ಇರುವ ಚಿಕ್ಕ, ಹಗುರ ಸೆಲ್ಫುಗಳೂ ಬರುತ್ತವೆ. ಕರೆಂಟು ಕಡಿಮೆ ಎಳೆಯುತ್ತವೆ, ಹಳೇ ಬ್ಯಾಟರಿಗೆ ಒಳ್ಳೆಯದು. ಆದರೆ ಸೊಲೆನಾಯ್ಡ್ ಬೇರೆ ಬದಿಗೆ ಬಂದು ಡೀಸೆಲ್ ಪೈಪಿಗೋ ಚಾಸಿಗೋ ತಾಗಬಹುದು. ತಾಗಿದರೆ ಮರಳಿ ಕೊಡುತ್ತೇನೆ ಎಂದು ಮೊದಲೇ ಮಾತಾಡಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕೂಡಿಸಿದ ಮೇಲೆ ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸುತ್ತಿಸಬೇಡಿ, ನಡುವೆ ಒಂದು ನಿಮಿಷ ಬಿಡಿ. ನಾಲ್ಕು ದಿನ ನಡೆಯುವ ತನಕ ಹಳೆಯ ಸೆಲ್ಫನ್ನು ಗುಜರಿಗೆ ಹಾಕಬೇಡಿ.